ಅರಿಶಿನ ಕುಂಕುಮದ ಎರಡು ಮರ

ಇದನ್ನು ಬರೆದವಳ ಅಕ್ಷರ ಚೆನ್ನಾಗಿಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಸಾಲು ಕೆಳಕ್ಕೆ ಜಾರುತ್ತದೆ. ದೊಡ್ಡ ದೊಡ್ಡ ಮಾತುಗಳೂ ಬರುವುದಿಲ್ಲ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದು. ಓದುವವರು ಬೇಸರ ಮಾಡಿಕೊಳ್ಳದೆ ತಿದ್ದಿಕೊಂಡು ಓದಬೇಕು. ಇದು ಹೊಂಬಾಳಮ್ಮನ ವಿಷಯ. ಬರೆದವಳು ಅವಳ ಮೊಮ್ಮಗಳು ಭವ್ಯಶ್ರೀ. ‘ನಾನು’ ಎಂದು ಬರೆಯಲು ಸಂಕೋಚವಾಗಿ ಎಲ್ಲ ಕಡೆಯೂ ಭವ್ಯಶ್ರೀ ಎಂದೇ ಬರೆದಿದೆ. ಕಣ್ಣಾರೆ ನೋಡಿದ್ದು, ಅಜ್ಜಿ ಬಾಯಲ್ಲಿ ಕೇಳಿದ್ದು ಬಿಟ್ಟರೆ ಬೇರೇನನ್ನೂ ಸೇರಿಸಿಲ್ಲ.

ಹೊಂಬಾಳಮ್ಮ ಹುಟ್ಟಿದ್ದು ಹೊನ್ನವಳ್ಳಿಯಲ್ಲಿ. ಅವಳ ಅಪ್ಪ ಸಣ್ಣತಿಮ್ಮಯ್ಯನಿಗೆ ಒಂಬತ್ತು ಎಕರೆ ಇತ್ತು. ಅರ್ಧ ತೆಂಗಿನ ತೋಟ, ಅರ್ಧ ರಾಗಿ ಹೊಲ. ಅವರ ಮನೆತನದಲ್ಲಿ ಹೆಣ್ಣುಮಕ್ಕಳಿಗೆ ನೆಲ ಕೊಡುತ್ತಿರಲಿಲ್ಲ. ಹಾಗಂತ ಬರಿಗೈಯಲ್ಲೂ ಕಳಿಸುತ್ತಿರಲಿಲ್ಲ. ಅರಿಶಿನ ಕುಂಕುಮಕ್ಕೆ ಎಂದು ಮರ ಬಿಡುತ್ತಿದ್ದರು. ಹೊಂಬಾಳಮ್ಮನ ಮದುವೆಯಾದ ಮಾರನೆಯ ದಿನ, ಗಂಡನ ಮನೆಗೆ ಹೊರಡುವ ಮೊದಲು, ಸಣ್ಣತಿಮ್ಮಯ್ಯ ಮಗಳನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಅಲ್ಲಿದ್ದ ಎರಡು ಮರಗಳ ಬುಡಕ್ಕೆ ಅವಳ ಕೈಯಿಂದಲೇ ಒಂದೊಂದು ಚೊಂಬು ನೀರು ಹುಯ್ಯಿಸಿದ.

“ನೆಲ ನಿಂದಲ್ಲ ಕಣವ್ವ, ಮರಾನೂ ನಿಂದಲ್ಲ. ಆದ್ರೆ ಇವೆರಡರ ಕಾಯಿ ನೀನು ಬದುಕಿರೋಗಂಟ ನಿಂದು. ಎಲ್ಲೇ ಇರು, ವರ್ಷಕ್ಕೊಂದ್ಸಲ ನಿನ್ನ ಬಾಗ್ಲಿಗೆ ಬಂದು ಬೀಳ್ತವೆ.”

ಹಾಗೆಯೇ ಬಂದು ಬಿದ್ದವು, ನಲವತ್ತು ವರ್ಷ. ಹೊಂಬಾಳಮ್ಮನ ಗಂಡ ತಿಪಟೂರಿನ ಕೊಬ್ಬರಿ ಮಾರ್ಕೆಟ್ಟಿನಲ್ಲಿ ಹಮಾಲಿ. ರೈಲ್ವೆ ಹಳಿಯ ಹಿಂದಿನ ಸಾಲುಮನೆಯಲ್ಲಿ ಒಂದು ಕೋಣೆ, ಮೇಲೆ ಶೀಟು. ಆ ಬಾಗಿಲಿಗೆ ಪ್ರತಿ ವರ್ಷ ಅಣ್ಣ ಕೆಂಚಪ್ಪ ಚೀಲ ತುಂಬ ಕಾಯಿ ತಂದು ಇಳಿಸುತ್ತಿದ್ದ. ಆ ಮರಗಳ ಕಾಯಿ ತೋಟದ ಉಳಿದ ಕಾಯಿಯಂತೆ ಗುಂಡಗಿರಲಿಲ್ಲ. ಸುಲಿದರೆ ನಾಟಿಕೋಳಿ ಮೊಟ್ಟೆಯ ಹಾಗೆ ಉದ್ದ, ತುದಿ ಚೂಪು. ಮನೆಯವರೆಲ್ಲ ಮೂತಿಕಾಯಿ ಎನ್ನುತ್ತಿದ್ದರು. ಹೊಂಬಾಳಮ್ಮ ಅದನ್ನು ಮಾರುತ್ತಿರಲಿಲ್ಲ. ದಿನಕ್ಕೆ ಅರ್ಧ ಹೋಳು ಸಾರಿಗೆ. ರಾಗಿ ಹಿಟ್ಟು ಮುಗಿದರೆ ನಾಲ್ಕು ಕಾಯಿ ಕೊಟ್ಟು ಅಕ್ಕಪಕ್ಕದವರ ಹತ್ತಿರ ಒಂದು ಸೇರು ಹಿಟ್ಟು ತರುತ್ತಿದ್ದಳು. ಗಂಡ ಸತ್ತ ವರ್ಷ ಯಾರೋ ನೆಂಟರು, ಇನ್ನು ಇವಳಿಗೆಂಥ ಅರಿಶಿನ ಕುಂಕುಮ ಎಂದರಂತೆ. ಮುದುಕ ಸಣ್ಣತಿಮ್ಮಯ್ಯ ಎದ್ದು ನಿಂತು, “ಮರ ಬಿಟ್ಟಿದ್ದು ನನ್ನ ಮಗಳಿಗೆ, ಅಳಿಯನಿಗಲ್ಲ” ಎಂದನಂತೆ. ಹೊಂಬಾಳಮ್ಮ ಈ ಮಾತನ್ನು ಹೇಳುವಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಅವಳ ಒಬ್ಬನೇ ಮಗ, ಭವ್ಯಶ್ರೀಯ ಅಪ್ಪ, ಕಾಯಿ ಕೆಡವಲು ಹೋಗಿ ಮರದಿಂದ ಬಿದ್ದು ತೀರಿಕೊಂಡ. ಸೊಸೆ ಎರಡು ವರ್ಷ ಇದ್ದು ಅಮ್ಮಸಂದ್ರದ ಕಡೆ ಇನ್ನೊಂದು ಮದುವೆಯಾಗಿ ಹೋದಳು. ಹೊಂಬಾಳಮ್ಮ ಬೈಯಲಿಲ್ಲ. ಅವಳ ಹೊಟ್ಟೆಯೂ ಹೊಟ್ಟೆಯೇ ಎಂದಳು. ಭವ್ಯಶ್ರೀ, ಅವಳ ತಂಗಿ ಆಶಾ, ಇಬ್ಬರೂ ಅಜ್ಜಿಯ ಹತ್ತಿರ ಉಳಿದರು.

ಹೊಂಬಾಳಮ್ಮ ವೀರಭದ್ರಯ್ಯನವರ ಕೊಬ್ಬರಿ ಶೆಡ್ಡಿನಲ್ಲಿ ಚಿಪ್ಪು ಬಿಡಿಸುವವಳು. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಉಂಡೆಯಾಗಿ ಗಲಗಲ ಎನ್ನುತ್ತಿರುತ್ತದೆ. ಗಂಡಸರು ಮಟ್ಟೆ ಸುಲಿದು ಹಾಕುತ್ತಾರೆ. ಹೆಂಗಸರು ಮಚ್ಚಿನ ಬೆನ್ನಿನಿಂದ ಸುತ್ತಲೂ ತಟ್ಟಿ, ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸಬೇಕು. ಏಟು ಜಾಸ್ತಿಯಾದರೆ ಉಂಡೆ ಹೋಳಾಗುತ್ತದೆ, ಹೋಳಿಗೆ ಬೆಲೆ ಇಲ್ಲ. ಹೊಂಬಾಳಮ್ಮನ ಕೈಯಲ್ಲಿ ನೂರಕ್ಕೆ ಎರಡು ಒಡೆದರೆ ಹೆಚ್ಚು. ಆ ಶೆಡ್ಡಿನಲ್ಲಿ ವೀರಭದ್ರಯ್ಯನವರ ತಂದೆಯ ಕಾಲದಿಂದ ಒಂದು ಮಾತಿದೆ. “ತಿನ್ನೋದಕ್ಕೆ ಅಡ್ಡಿಯಿಲ್ಲ, ಕಟ್ಟಿಕೊಂಡು ಹೋಗಬಾರದು.” ಕೂತಲ್ಲಿ ಎಷ್ಟು ಚೂರು ಬೇಕಾದರೂ ಬಾಯಿಗೆ ಹಾಕಿಕೊಳ್ಳಬಹುದು. ಸೆರಗಿಗೆ ಒಂದು ಚೂರೂ ಕಟ್ಟುವಂತಿಲ್ಲ.

ಕೂಲಿ, ಸೊಸೈಟಿ ಅಕ್ಕಿ, ಹೊನ್ನವಳ್ಳಿ ಕಾಯಿ. ಈ ಮೂರರಲ್ಲಿ ಮನೆ ನಡೆಯುತ್ತಿತ್ತು. ಸರ್ಕಾರ ಹಾಕುವ ಎರಡು ಸಾವಿರ ಬಾಡಿಗೆಗೆ ಸರಿಯಾಗುತ್ತಿತ್ತು. ಆಶಾ, ಭವ್ಯಶ್ರೀ ಇಬ್ಬರಿಗೂ ಮಧ್ಯಾಹ್ನ ಶಾಲೆಯಲ್ಲಿ ಊಟ.

ಸಣ್ಣತಿಮ್ಮಯ್ಯ ತೀರಿಕೊಂಡ ಮೇಲೆ ಜಮೀನಿನ ಖಾತೆ ಮಾಡಿಸುವಾಗ ಕೆಂಚಪ್ಪ ಒಂದು ಕೆಲಸ ಮಾಡಿದ. ಯಾರೂ ಕೇಳದೆ ಇದ್ದರೂ ತಂಗಿಯ ಹೆಸರನ್ನು ತನ್ನ ಹೆಸರಿನ ಜೊತೆ ಬರೆಸಿದ. ಪಹಣಿ ಬಂದ ದಿನ ಬಸ್ಸು ಹತ್ತಿ ತಾನೇ ತಂದು ತಂಗಿಯ ಕೈಗೆ ಕೊಟ್ಟ.

“ನೋಡು ಹೊಂಬಾಳಿ, ನಿನ್ನ ಹೆಸರೂ ಐತೆ. ನಾಳೆ ಯಾರಾನಾ ಕೆಂಚಪ್ಪ ತಂಗೀದು ನುಂಗ್ದ ಅನ್ನಂಗಿಲ್ಲ.”

“ನಂಗ್ಯಾಕಣ್ಣ ಇದೆಲ್ಲ? ಬಾವಿ ಹತ್ರದ ಮರದ ಕಾಯಿ ಬತ್ತದಲ್ಲ, ಸಾಕು.”

“ಇರ್ಲಿ ಬುಡು. ಅಪ್ಪ ಬಾಯಲ್ಲಿ ಹೇಳಿದ್ದು ಕಾಗ್ದದಲ್ಲೂ ಇರ್ಲಿ.”

ಬೇಡ ಎಂದರೂ ಹೊಂಬಾಳಮ್ಮನಿಗೆ ಒಳಗೊಳಗೇ ಹಿಗ್ಗು. ಭವ್ಯಶ್ರೀಯ ಕೈಲಿ ಎರಡು ಸಲ ಓದಿಸಿದಳು. ಮಾರನೆಯ ದಿನ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಶೆಡ್ಡಿಗೂ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದಳು. ಪಕ್ಕದಲ್ಲಿ ಕೂರುವ ಗಂಗಲಕ್ಷ್ಮಿ, “ಓಹೋ, ಒಂಬತ್ತು ಎಕರೆ ಜಮೀನ್ದಾರ್ತಿ ಬಂದ್ಲು, ಜಾಗ ಬುಡ್ರೇ, ಒಂದು ಕುರ್ಚಿ ತರ‍್ರೇ” ಎಂದು ಕೂಗಿದಳು. ಅಂದಿನಿಂದ ಶೆಡ್ಡಿನಲ್ಲಿ ಹೊಂಬಾಳಮ್ಮನಿಗೆ ಅದೇ ಹೆಸರಾಯಿತು. ಪಹಣಿ ಮನೆಯಲ್ಲಿ ದೇವರ ಪಟದ ಹಿಂದೆ ಸೇರಿತು.

ಇದಾಗಿ ಒಂದು ವರ್ಷವಾಗಿರಬಹುದು. ದೀಪಾವಳಿಯ ತಿಂಗಳು ಹೊಂಬಾಳಮ್ಮ ಚೀಲ ಹಿಡಿದು ಸೊಸೈಟಿಗೆ ಹೋದಳು. ಅಕ್ಕಿ ಅಳೆಯುವ ದುರ್ಗಯ್ಯ ಮಿಷನ್ನಿನ ಮೇಲೆ ಅವಳ ಬೆರಳು ಇಡಿಸಿಕೊಂಡು ಅದರ ಪರದೆಯನ್ನೇ ನೋಡುತ್ತ ನಿಂತ.

“ಏನಾಯ್ತು ದುರ್ಗಯ್ಯ? ಬೆರಳು ತಗೋತಿಲ್ವಾ? ಇನ್ನೊಂದು ಇಡ್ಲಾ?”

“ಬೆರಳು ತಗೊಂತು ಕಣಮ್ಮ. ಅಕ್ಕಿ ತೋರಿಸ್ತಿಲ್ಲ. ನಿನ್ನ ಬಿಪಿಎಲ್ಲು ತೆಗೆದವ್ರೆ.”

“ಯಾಕೆ?”

“ಅದು ನಂಗೆಂಗೆ ಗೊತ್ತಾಗ್ಬೇಕು? ಕಚೇರೀಲಿ ಕೇಳು. ಹಿಂದೆ ಜನ ನಿಂತವ್ರೆ, ಸ್ವಲ್ಪ ಸರಿ.”

ಹೊಂಬಾಳಮ್ಮ ಸರಿದು ನಿಂತಳು. ಖಾಲಿ ಚೀಲವನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಮರುದಿನ ಕೆಲಸ ಬಿಟ್ಟು ಕಚೇರಿಗೆ ಹೋದಳು, ಓದಲು ಬರುತ್ತದೆ ಎಂದು ಭವ್ಯಶ್ರೀಯನ್ನೂ ಕರೆದುಕೊಂಡು. ಕಿಟಕಿಯ ಆಚೆ ಇದ್ದವರು ಕೆಟ್ಟವರಲ್ಲ. ಪರದೆ ತಿರುಗಿಸಿ ತೋರಿಸಿದರು.

“ನಿಮ್ಮ ಹೆಸರಲ್ಲಿ ಒಂಬತ್ತು ಎಕರೆ ಇದೆಯಲ್ಲಮ್ಮ. ಅಷ್ಟು ಜಮೀನಿರೋರಿಗೆ ಬಿಪಿಎಲ್ ಬರಲ್ಲ.”

“ನಂದಲ್ಲ ಸ್ವಾಮಿ, ನಮ್ಮಣ್ಣಂದು. ನಂಗೆ ಎರಡು ಮರದ ಕಾಯಿ ಅಷ್ಟೇ.”

“ಎರಡು ಮರ ಅಂತ ಇಲ್ಲಿ ಎಲ್ಲೂ ಇಲ್ಲ. ಜಂಟಿ ಖಾತೆ. ನಿಮ್ಮ ಪಾಲು ಎಷ್ಟು ಅಂತಾನೂ ಬರೆದಿಲ್ಲ, ಹಂಗಾಗಿ ಪೂರ್ತಿ ತೋರಿಸ್ತದೆ. ಹಕ್ಕು ಬಿಡುಗಡೆ ಪತ್ರ ಬರ್ಕೊಟ್ಟು ಹೆಸರು ತೆಗೆಸ್ಕೊಂಡು ಬನ್ನಿ. ಆಮೇಲೆ ನೋಡೋಣ.”

ಮನೆ ಹತ್ತಿರ ಬಂದಾಗ ಹೊಂಬಾಳಮ್ಮ, “ಬರೆಸಿದ್ದೂ ಪ್ರೀತಿಗೇ ಕಣೇ, ಯಾರನ್ನ ಬೈಯಾನ?” ಎಂದಳು.

ಸಂಕ್ರಾಂತಿ ಕಳೆದ ಮೇಲೆ ಕೆಂಚಪ್ಪ, ಅವನ ಮಗ ಪುನೀತ್ ಇಬ್ಬರೂ ತಿಪಟೂರಿಗೆ ಬಂದರು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೆಂಚಪ್ಪ ತಂಗಿಗೆ, ಭವ್ಯಶ್ರೀಗೆ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಕೊಡಿಸಿದ. ಹೊಂಬಾಳಮ್ಮ ಒಂದನ್ನು ತಿಂದು, ಇನ್ನೊಂದನ್ನು ಆಶಾಗೆ ಎಂದು ಎಲೆಯಲ್ಲಿ ಸುತ್ತಿಸಿಕೊಂಡಳು. ಕೆಂಚಪ್ಪ ತಲೆ ಎತ್ತಲಿಲ್ಲ.

“ನಾನು ಮಾಡಿದ್ದು ಹಿಂಗಾಯ್ತಲ್ಲ ಹೊಂಬಾಳಿ.”

“ಬುಡಣ್ಣ. ಕಾಗ್ದ ಹೋದ್ರೇನು, ಕಾಯಿ ಬತ್ತದಲ್ಲ.”

“ಅದ್ಯಾಕೆ ಬರಾಕಿಲ್ಲ? ಅಪ್ಪನ ಮಾತು ಅದು.”

ಪುನೀತ್ ಮೊಬೈಲಿನಿಂದ ತಲೆ ಎತ್ತಿ, “ಅತ್ತೆ, ಬೇಗ ಹೋಗಾನ, ಟೋಕನ್ ನಂಬರ್ ಬತ್ತದೆ” ಎಂದ. ರಿಜಿಸ್ಟ್ರಿ ಕಚೇರಿಯಲ್ಲಿ ಹೊಂಬಾಳಮ್ಮ ಹೆಬ್ಬೆಟ್ಟು ಒತ್ತಿದಳು. ಫೋಟೋ ತೆಗೆಯುವಾಗ ಕ್ಯಾಮೆರಾ ಕಡೆ ನೋಡಿ ಎಂದರೆ ಕೆಂಚಪ್ಪನ ಕಡೆ ನೋಡಿದಳು.

ಹೆಸರು ಹೋಗಲು ನಾಲ್ಕು ತಿಂಗಳಾಯಿತು. ಹೊಸ ಪಹಣಿ ಹಿಡಿದು ಕಚೇರಿಗೆ ಹೋದರೆ ಕಿಟಕಿಯಲ್ಲಿ ಬೇರೆಯವರಿದ್ದರು. ಅವರು, ತೆಗೆದ ಕಾರ್ಡು ವಾಪಸ್ ಬರುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು, ಹೊಸ ಅರ್ಜಿ ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದರು. ಯಾವಾಗ ತೆಗೆದುಕೊಳ್ಳುತ್ತೀರಿ ಎಂದರೆ, ಪೇಪರಿನಲ್ಲಿ ಬರುತ್ತದೆ ಎಂದರು. ಪಕ್ಕದ ಟೀ ಅಂಗಡಿಯ ಪೇಪರನ್ನು ಭವ್ಯಶ್ರೀ ಬಹಳ ದಿನ ನೋಡಿದಳು. ಮೂರು ತಿಂಗಳಿಗೊಮ್ಮೆ ಹೊಂಬಾಳಮ್ಮ ಕೆಲಸ ಬಿಟ್ಟು ಹೋಗಿ ಕೇಳಿ ಬರುತ್ತಾಳೆ. ಕೆಲಸ ಬಿಟ್ಟ ದಿನ ಕೂಲಿ ಇಲ್ಲ. ಆದ್ದರಿಂದ ಅನ್ನ ಕೇಳಲು ಹೋದ ದಿನ ಅನ್ನ ಇನ್ನೂ ಕಡಿಮೆ.

ಅಕ್ಕಿ ಅಂಗಡಿಯದಾಯಿತು. ಅಂಗಡಿ ಅಕ್ಕಿ ದುಬಾರಿ, ಆದ್ದರಿಂದ ನುಚ್ಚು ಬಂತು. ಮುದ್ದೆ ಚಿಕ್ಕದಾಯಿತು. ಸಾಯಂಕಾಲ ಹೊಂಬಾಳಮ್ಮ ಮಕ್ಕಳಿಬ್ಬರಿಗೆ ಬಡಿಸಿ ಪಾತ್ರೆಗೆ ನೀರು ಹಾಕಿಬಿಡುತ್ತಿದ್ದಳು. ಕೇಳಿದರೆ, “ನಂದು ಶೆಡ್ಡಲ್ಲೇ ಆಯ್ತು ಕಣ್ರೇ. ಗಂಗಲಕ್ಷ್ಮಿ ಬಸ್ಸಾರು ತಂದಿದ್ಲು, ಹೊಟ್ಟೆ ಬಿರಿಯಂಗೆ ತಿಂದೆ” ಎನ್ನುತ್ತಿದ್ದಳು. ಒಂದು ದಿನ ಬಸ್ಸಾರು, ಒಂದು ದಿನ ಹುರುಳಿಕಾಳು, ಒಂದು ದಿನ ಯಾರದೋ ಮನೆಯ ಸೀಮಂತದ ಪಾಯಸ. ಮಕ್ಕಳು ನಂಬಿದರು. ಆಶಾ, “ನಂಗೂ ಒಂದಿನ ಪಾಯಸ ತಾರಜ್ಜಿ” ಎಂದು ಕೇಳುತ್ತಿದ್ದಳು.

ಒಂಬತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಇರುವಾಗ ಭವ್ಯಶ್ರೀ ಶಾಲೆ ಬಿಟ್ಟಳು. ಹೊಂಬಾಳಮ್ಮ ಮೂರು ದಿನ ಅವಳೊಡನೆ ಮಾತು ಬಿಟ್ಟಳು. ನಾಲ್ಕನೆಯ ದಿನ ಒಂದು ಹಳೆಯ ಮಚ್ಚಿಗೆ ಬಟ್ಟೆ ಸುತ್ತಿ ಅವಳ ಕೈಗೆ ಕೊಟ್ಟು, “ಬಾ” ಎಂದಳು. ಅಷ್ಟೇ.

ಆ ದಿನ ಮಧ್ಯಾಹ್ನ ಭವ್ಯಶ್ರೀಗೆ ಎಲ್ಲ ತಿಳಿಯಿತು. ಹೆಂಗಸರೆಲ್ಲ ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿ ಕೂತರು. ಹೊಂಬಾಳಮ್ಮ ಅಲ್ಲಿಗೆ ಹೋಗಲಿಲ್ಲ. ಕೊಬ್ಬರಿ ರಾಶಿಯ ಪಕ್ಕದಲ್ಲೇ ಕೂತು ಹೋಳುಗಳಲ್ಲಿ ಚಿಕ್ಕದನ್ನು ಆರಿಸಿ ಬಾಯಿಗೆ ಹಾಕಿಕೊಂಡು, ತುಂಬ ಹೊತ್ತು ಅಗಿದು, ನೀರು ಕುಡಿದಳು. ಮತ್ತೊಂದು ಚೂರು, ಮತ್ತೆ ನೀರು. ಮೊಮ್ಮಗಳು ನೋಡುತ್ತಿದ್ದಾಳೆಂದು ತಿಳಿದಾಗ ಕೈ ತಡೆದಳು.

“ಬಸ್ಸಾರು ಎಲ್ಲಜ್ಜಿ?”

“ಇದೇ ಕಣೇ ಬಸ್ಸಾರು.” ಹೊಂಬಾಳಮ್ಮ ನಕ್ಕಳು. “ತಿನ್ನು. ಅಡ್ಡಿಯಿಲ್ಲ ಅಂದವ್ರೆ. ಮೊದಮೊದಲು ಹೊಟ್ಟೆ ಕೆಡ್ತದೆ, ಆಮೇಲೆ ಒಗ್ಗೋಯ್ತದೆ.”

ಒಗ್ಗಿಹೋಗಲಿಲ್ಲ. ಬರೀ ಹೊಟ್ಟೆಗೆ ಕೊಬ್ಬರಿ ತಿಂದರೆ ಎದೆ ಉರಿಯುತ್ತದೆ, ಕೆಮ್ಮು ಬರುತ್ತದೆ. ಎರಡು ದಿನ ಭೇದಿಯಾಗುತ್ತದೆ, ಮೂರು ದಿನ ಏನೂ ಆಗುವುದಿಲ್ಲ. ಮದುವೆ ಮನೆಯಲ್ಲಿ ಕೊಬ್ಬರಿ ಸಕ್ಕರೆ ಕೊಟ್ಟರೂ ಭವ್ಯಶ್ರೀಗೆ ಈಗ ವಾಸನೆಗೇ ಹೊಟ್ಟೆ ತೊಳಸುತ್ತದೆ. ಶಾಲೆಯಲ್ಲಿದ್ದಾಗ ಮಧ್ಯಾಹ್ನ ಬಿಸಿ ಅನ್ನ ಸಾರು ಸಿಗುತ್ತಿತ್ತು. ಮನೆಗೆ ಅನ್ನ ತರಲು ಶಾಲೆ ಬಿಟ್ಟರೆ ಆ ಊಟವೂ ಹೋಗುತ್ತದೆ ಎಂದು ಅವಳು ಮೊದಲೇ ಯೋಚಿಸಿರಲಿಲ್ಲ. ಅದು ಅವಳ ತಪ್ಪು.

ಆ ವರ್ಷ ಹೊನ್ನವಳ್ಳಿಯಿಂದ ಕಾಯಿ ಬರಲಿಲ್ಲ. ಹೊಂಬಾಳಮ್ಮ ಯುಗಾದಿಯವರೆಗೆ ಕಾದಳು. ಹಬ್ಬದ ದಿನ ಕಾಯಿ ಇಲ್ಲದೆ ಸಾರು ಮಾಡಿದಳು. ಸುತ್ತ ಎತ್ತ ನೋಡಿದರೂ ತೆಂಗಿನ ತೋಟ, ಮನೆಯಲ್ಲಿ ಒಂದು ಹೋಳು ಕಾಯಿ ಇಲ್ಲ. ಆಮೇಲೆ ಫೋನು ಮಾಡಿಸಿದರೆ ಪುನೀತ್ ಎತ್ತಿದ.

“ಅಪ್ಪಂಗೆ ಮೈ ಸರಿಯಿಲ್ಲ ಅತ್ತೆ. ತೋಟ ಪೂರ್ತಿ ಗುತ್ತಿಗೆಗೆ ಕೊಟ್ಬುಟ್ಟಿದೀನಿ. ಅವರು ಎಲ್ಲ ಮರಾನೂ ಕೆಡವ್ಕೊಂಡು ಹೋದ್ರು.”

“ಬಾವಿ ಹತ್ರದ್ದೂ?”

“ಅವ್ರಿಗೆ ಬಾವಿ ಹತ್ರದ್ದು, ಬೇಲಿ ಹತ್ರದ್ದು ಅಂತ ಏನು ಗೊತ್ತು ಅತ್ತೆ? ಮರಕ್ಕೆ ಇಷ್ಟು ಅಂತ ಮಾತಾಡಿರೋದು. ಮುಂದಿನ ಸಲ ನೋಡಾನ ಬುಡಿ.”

ಹೊಂಬಾಳಮ್ಮ ಫೋನನ್ನು ಭವ್ಯಶ್ರೀಗೆ ಕೊಟ್ಟು, “ಹುಡುಗ ಮರ್ತಿರ್ಬೇಕು” ಎಂದಳು. ಅವಳಿಗೆ ಜಗಳ ಮಾಡಲು ಬರುತ್ತದೆ. ನಲ್ಲಿ ನೀರಿನ ಹತ್ತಿರ ಅವಳ ಬಾಯಿಗೆ ಯಾರೂ ನಿಲ್ಲುವುದಿಲ್ಲ. ಆದರೆ ತವರಿನ ಮೇಲೆ ಜಗಳ ಮಾಡಲು ಬರುವುದಿಲ್ಲ. ಕೆಂಚಪ್ಪನನ್ನು ನೋಡಲು ಒಂದು ಸಲ ಹೋಗಿ ಬಂದಳು. ಅವನ ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಕಾಯಿಯ ವಿಷಯ ಅವಳು ಎತ್ತಲೇ ಇಲ್ಲ. ಬರುವಾಗ ಬಾವಿಯ ಹತ್ತಿರ ಹೋಗಿ ಮರ ನೋಡಿ ಬಂದಳು. ಎರಡಕ್ಕೂ ಬೇರೆ ಮರಗಳಂತೆಯೇ ನೀಲಿ ಬಣ್ಣದಲ್ಲಿ ನಂಬರ್ ಬರೆದಿತ್ತು. ಅದೂ ಒಂದು ವರ್ಷದ ಹಿಂದಿನ ಮಾತು. ಈ ವರ್ಷವೂ ಕಾಯಿ ಬರಲಿಲ್ಲ.

ಇವತ್ತು ಬುಧವಾರ. ಬೆಳಿಗ್ಗೆ ಶೆಡ್ಡಿಗೆ ಹೊಸ ಮಾಲು ಬಂತು. ಯಾರೋ ಗುತ್ತಿಗೆಯವರು ವರ್ಷ ಅಟ್ಟದಲ್ಲಿಟ್ಟು ಇಳಿಸಿದ್ದ ಕಾಯಿ. ಲಾರಿಯವನು ಹೊನ್ನವಳ್ಳಿ ಕಡೆಯದು ಎಂದ. ಸುಲಿದ ಕಾಯಿ ಮುಂದೆ ಬಿದ್ದಾಗ ಹೊಂಬಾಳಮ್ಮ ಎಂದಿನಂತೆ ತಟ್ಟಲು ಶುರು ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಮಚ್ಚಿನ ಸದ್ದು ನಿಂತಿತು. ಭವ್ಯಶ್ರೀ ತಿರುಗಿ ನೋಡಿದರೆ ಅಜ್ಜಿ ಒಂದು ಕಾಯಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ. ಉದ್ದನೆಯ ಕಾಯಿ, ತುದಿ ಚೂಪು.

ಅವಳು ಅದನ್ನು ಪಕ್ಕಕ್ಕೆ ಇಟ್ಟಳು. ರಾಶಿಯಲ್ಲಿ ಕೈಯಾಡಿಸಿ ಇನ್ನೊಂದು ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಆಗಿದ್ದವು.

“ಏನೇ ಜಮೀನ್ದಾರ್ತಿ, ಕಾಯಿಗೆ ಮುತ್ತು ಕೊಡ್ತಿದೀಯಾ?” ಎಂದಳು ಗಂಗಲಕ್ಷ್ಮಿ.

“ನಮ್ಮಪ್ಪನ ಮರದ್ದು ಕಣೇ ಇವು.”

“ನಿಮ್ಮಪ್ಪ ಮೇಲಿಂದ ಲಾರೀಲಿ ಕಳಿಸ್ದನಾ?”

ಎಲ್ಲರೂ ನಕ್ಕರು. ಹೊಂಬಾಳಮ್ಮನೂ ನಕ್ಕಳು. ನಕ್ಕು, ಹನ್ನೊಂದು ಕಾಯಿಗಳ ಚಿಪ್ಪನ್ನೂ ಒಂದೊಂದಾಗಿ ಬಿಡಿಸಿದಳು. ಒಂದು ಉಂಡೆಯೂ ಒಡೆಯಲಿಲ್ಲ. ಇವತ್ತು ಮಧ್ಯಾಹ್ನ ಅವಳು ಕೊಬ್ಬರಿ ತಿನ್ನಲಿಲ್ಲ, ಬರೀ ನೀರು ಕುಡಿದಳು. ಯಾಕಜ್ಜಿ ಎಂದರೆ, “ನಂದನ್ನ ಇವರ ಅಪ್ಪಣೆ ಮೇಲೆ ತಿನ್ನಾಕೆ ಯಾಕೋ ಮನಸ್ಸಾಗಲ್ಲ” ಎಂದಳು.

ಸಂಜೆ ಕೈಕಾಲು ತೊಳೆದು ಎಲ್ಲರೂ ಹೊರಟಾಗ ಅವಳ ಮಡಿಲಿನಲ್ಲಿ ಒಂದು ಉಂಡೆ ಉಬ್ಬಿ ಕಾಣುತ್ತಿತ್ತು. ಮುಚ್ಚಿಟ್ಟುಕೊಳ್ಳಲೂ ಅವಳು ಪ್ರಯತ್ನ ಪಟ್ಟಿರಲಿಲ್ಲ. ಬಾಗಿಲಲ್ಲಿ ಕೂತಿದ್ದ ವೀರಭದ್ರಯ್ಯನವರು ನೋಡಿದರು.

“ಏನಮ್ಮ ಅದು ಹೊಂಬಾಳಮ್ಮ?”

ಅವಳು ತೆಗೆದು ತೋರಿಸಿದಳು. “ಒಂದೇ ಸ್ವಾಮಿ. ಇದು ನಮ್ಮಪ್ಪ ನಂಗೆ ಕೊಟ್ಟಿದ್ದು.”

“ನಿಮ್ಮಪ್ಪನಾ? ಈ ಮಾಲು ನಾನು ಕೊಂಡು ತಂದಿರೋದಲ್ವೇನಮ್ಮ?”

ಹೊಂಬಾಳಮ್ಮ ಹೇಳಿದಳು. ಬಾವಿ, ಎರಡು ಚೊಂಬು ನೀರು, ಮೂತಿಕಾಯಿ, ಗುತ್ತಿಗೆ, ಎಲ್ಲವನ್ನೂ ಹೇಳಿದಳು. ವೀರಭದ್ರಯ್ಯನವರು ಅರ್ಧಕ್ಕೆ ತಡೆಯಲಿಲ್ಲ. ಪೂರ್ತಿ ಕೇಳಿದರು.

“ನೀನು ಹೇಳೋದು ನಿಜಾನೇ ಇರಬಹುದು. ಸುಳ್ಳು ಹೇಳೋಳಲ್ಲ ನೀನು. ಆದರೆ ಇಪ್ಪತ್ತು ಜನ ನಿಂತು ನೋಡ್ತಿದಾರೆ. ನಿಂಗೊಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರ ಅಪ್ಪಂದಿರೂ ಬರ್ತಾರೆ. ತಿನ್ನೋದಕ್ಕೆ ಅಡ್ಡಿಯಿಲ್ಲ ಅಂದಿದೀನಲ್ಲ, ಅಲ್ಲೇ ತಿಂದಿದ್ರೆ ಯಾರು ಕೇಳ್ತಿದ್ರು?”

ಹೊಂಬಾಳಮ್ಮ ಉಂಡೆಯನ್ನು ಅವರ ಕೈಗೆ ಕೊಟ್ಟಳು. ಅವರು ಅದನ್ನು ಒಳಗೆ ರಾಶಿಯ ಮೇಲೆ ಎಸೆದರು. ಅದು ಉರುಳಿ ಬೇರೆ ಉಂಡೆಗಳ ಜೊತೆ ಸೇರಿಕೊಂಡಿತು. ಯಾವುದು ಎಂದು ಆಮೇಲೆ ಭವ್ಯಶ್ರೀಗೆ ಗುರುತು ಸಿಗಲಿಲ್ಲ.

“ಒಂದು ತಿಂಗಳು ಬರಬೇಡ. ಆಮೇಲೆ ನೋಡೋಣ. ಹುಡುಗಿ ಬೇಕಾದ್ರೆ ಬರಲಿ” ಎಂದರು ವೀರಭದ್ರಯ್ಯನವರು. ಗಂಗಲಕ್ಷ್ಮಿ ಇವತ್ತು ಜಮೀನ್ದಾರ್ತಿ ಎನ್ನಲಿಲ್ಲ. ಹಳಿಯವರೆಗೂ ಜೊತೆಯಲ್ಲೇ ಬಂದಳು.

ಮನೆಯಲ್ಲಿ ಎರಡು ಪಾವು ನುಚ್ಚು, ಒಂದು ಹಿಡಿ ಹುರುಳಿಕಾಳು ಇದೆ. ಆಶಾಗೆ ಬೇಸಿಗೆ ರಜೆ ಶುರುವಾಗಿದೆ, ಶಾಲೆಯ ಊಟ ಇಲ್ಲ. ಇಬ್ಬರ ಕೂಲಿಯಲ್ಲಿ ಸಾಲದೆ ಇದ್ದದ್ದು ಒಬ್ಬರ ಕೂಲಿಯಲ್ಲಿ ಮೂರು ಜನಕ್ಕೆ ಆಗಬೇಕು. ಹೊಂಬಾಳಮ್ಮ ಬಂದವಳೇ ದೇವರ ಪಟದ ಹಿಂದಿನಿಂದ ಹಳೆಯ ಪಹಣಿ ತೆಗೆದು, ಕವರಿನ ಧೂಳು ಒರೆಸಿ, ಮತ್ತೆ ಅಲ್ಲೇ ಇಟ್ಟಳು. ಅದರಲ್ಲಿ ಅವಳ ಹೆಸರು ಇನ್ನೂ ಇದೆ. ಅದು ಈಗ ಯಾವುದಕ್ಕೂ ಬರುವುದಿಲ್ಲ. ಆಮೇಲೆ ಗೋಡೆಗೆ ಒರಗಿ ಕೂತಳು. ಇನ್ನು ಶೆಡ್ಡಲ್ಲಿ ಊಟವಾಯಿತು ಎಂದು ಅವಳು ಹೇಳುವಂತಿಲ್ಲ. ಶೆಡ್ಡೇ ಇಲ್ಲ.

ನಾಳೆ ಏಳು ಗಂಟೆಗೆ ಭವ್ಯಶ್ರೀ ಒಬ್ಬಳೇ ಕೆಲಸಕ್ಕೆ ಹೋಗುತ್ತಾಳೆ. ಮಧ್ಯಾಹ್ನ ರಾಶಿಯ ಪಕ್ಕ ಕೂತು ಚೂರು ಕೊಬ್ಬರಿ ತಿಂದು ನೀರು ಕುಡಿಯುತ್ತಾಳೆ. ಸಂಜೆ ಮನೆಗೆ ಬಂದು, ಗಂಗಲಕ್ಷ್ಮಮ್ಮ ಬಸ್ಸಾರು ತಂದಿದ್ದರು, ನನ್ನದು ಊಟವಾಯಿತು ಎಂದು ಹೇಳುತ್ತಾಳೆ.